ಗುರುವಾರದ ನಗು

ನಾನು, ಗಲ್ಲಿಯವರೆಲ್ಲ ಟೈಲರಕ್ಕ ಎಂದು ಕರೆಯುವವಳು, ವಯಸ್ಸು ಮೂವತ್ತೆಂಟು, ಉದ್ಯೋಗ ಹೆಂಗಸರ ಬಟ್ಟೆ ಹೊಲಿಗೆ, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲಿನ ಕೊನೆಯ ಮನೆ, ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಗಂಡ ರೇಡಿಯೋ ಕೇಂದ್ರದಲ್ಲಿ ಉದ್ಘೋಷಕರು. ಪ್ರತಿ ಗುರುವಾರ ಸಂಜೆ ಆರರಿಂದ ಏಳರವರೆಗೆ ಅವರೂ ಇನ್ನೊಬ್ಬ ಉದ್ಘೋಷಕಿಯೂ ಸೇರಿ ಹರಟೆ ಕಾರ್ಯಕ್ರಮ ನಡೆಸುತ್ತಾರೆ. ನೇರ ಪ್ರಸಾರ ಎಂದು ಹೇಳಿ ಐದಕ್ಕೇ ಮನೆ ಬಿಡುತ್ತಾರೆ. ಮನೆಯಲ್ಲಿ ಅವರ ಬಾಯಿಂದ ಟವೆಲ್ ಕೊಡು, ಉಪ್ಪು ಕಮ್ಮಿ ಎಂಬುದರಾಚೆಗೆ ಮಾತು ಹೊರಡುವುದಿಲ್ಲ. ಆಕೆಯ ಜೊತೆ ಮಾತ್ರ ಗಂಟೆಗಟ್ಟಲೆ ನಗು. ನನಗೆ ಹೊಟ್ಟೆ ಉರಿಯುತ್ತಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೂ ಆ ಹೊತ್ತು ಗಂಡ ಎಲ್ಲಿದ್ದಾರೆಂದು ಗೊತ್ತಿರುತ್ತಿತ್ತು, ಅದೊಂದು ಸಮಾಧಾನ.

ತಮ್ಮ ಮಾತು ಮುಗಿದ ಕೂಡಲೇ ರೇಡಿಯೋ ಆರಿಸಿ ಅಡುಗೆ ಬಿಸಿಗಿಡು, ನಾನು ಹೊರಟೆ ಎಂದೇ ಲೆಕ್ಕ ಎಂದು ಅವರು ಹೇಳಿದ್ದರು. ಒಂದು ವರ್ಷ ಹಾಗೆಯೇ ಮಾಡಿದೆ.

ಇಂದು ಏಳಕ್ಕೆ ನನ್ನ ಎರಡು ಕೈಯೂ ಮಷಿನ್ ಮೇಲಿದ್ದವು. ಆ ಉದ್ಘೋಷಕಿಯದೇ ಅಂಗಿಗೆ ತೋಳು ಕೂರಿಸುತ್ತಿದ್ದೆ. ಸ್ವಲ್ಪ ಸಡಿಲ ಬಿಡಿ, ನಕ್ಕು ನಕ್ಕು ಹೊಲಿಗೆ ಬಿಡುತ್ತದೆ ಎಂದು ಅಳತೆ ಕೊಡುವಾಗ ಆಕೆ ಹೇಳಿದ್ದರು. ಹಾವಿಗೆ ಹಾಲೆರೆಯುವುದೆಂದರೆ ಇದೇ. ರೇಡಿಯೋ ಆರಿಸಲಾಗಲಿಲ್ಲ. ಆಗ ಬೇರೊಂದು ದನಿ, ಇದುವರೆಗೆ ಕೇಳಿದ್ದು ಧ್ವನಿಮುದ್ರಿತ ಕಾರ್ಯಕ್ರಮ ಎಂದಿತು.

ಕೇಂದ್ರಕ್ಕೆ ಫೋನ್ ಮಾಡಿ ಹಾಗೆಂದರೇನು ಎಂದು ಕೇಳಿದೆ. ಫೋನ್ ಎತ್ತಿದವರು, "ಮೊದಲೇ ಮಾತಾಡಿ ಇಟ್ಟಿರೋದು ಅಕ್ಕಾ. ಮಾತು ಬರ್ತಿರುತ್ತೆ, ಆಡಿದವರು ಇಲ್ಲಿರಲ್ಲ" ಎಂದರು. ಇಬ್ಬರೂ ಸೋಮವಾರವೇ ಮುಗಿಸಿ ಹೋಗುತ್ತಾರೆ, ಶುರುವಿನಿಂದಲೂ ಹೀಗೇ ಎಂದೂ ತಿಳಿಸಿದರು. ನನಗೆ ಎದೆ ಹಗುರಾಯಿತು, ಇಂದು ಅವರು ಒಟ್ಟಿಗೆ ನಕ್ಕಿಲ್ಲ ಎಂದುಕೊಂಡೆ. ಫೋನ್ ಇಟ್ಟ ಮೇಲೆ, ಹಾಗಾದರೆ ಐದಕ್ಕೆ ಹೋದವರು ಎಲ್ಲಿದ್ದಾರೆ ಎಂಬುದು ಹೊಳೆಯಿತು.

ಅರ್ಧ ಹೊಲಿದ ಅಂಗಿ, ಹಾಡುತ್ತಿದ್ದ ರೇಡಿಯೋ ಎರಡನ್ನೂ ಹಿಡಿದು ಎರಡು ಬೀದಿ ಆಚೆಯ ಆಕೆಯ ಮನೆಗೆ ಹೋದೆ. ಕಿಟಕಿಯಿಂದ ನೋಡಿದಾಗ ಕುರ್ಚಿಯ ಬೆನ್ನಿಗೆ ನನ್ನ ಗಂಡನ ಕೋಟು ತೂಗುತ್ತಿತ್ತು. ಅದರ ಮೂರನೇ ಗುಂಡಿಗೆ ಬೇರೆ ಬಣ್ಣದ ದಾರ, ಹಾಕಿದವಳು ನಾನೇ. ಒಳಗಿನ ಕೋಣೆಯಿಂದ ನಗು ಕೇಳಿಸಿತು. ರೇಡಿಯೋದ ನಗುವಿಗಿಂತ ಮೆಲ್ಲಗಿತ್ತು. ರೇಡಿಯೋವನ್ನು ಕಿಟಕಿಗೆ ಎಸೆದೆ. ಗಾಜು ಒಡೆದದ್ದು ನನ್ನಿಂದಲೇ.

ಮುಂದಿನ ವಾರದ ಕಾರ್ಯಕ್ರಮಕ್ಕೆ ತಯಾರಿ ನಡೆಸುತ್ತಿದ್ದೆವು ಎಂದು ನನ್ನ ಗಂಡ ಇಲ್ಲಿ ಹೇಳಿದ್ದಾರೆ. ಹಾಗಿದ್ದರೆ ಸಾಹೇಬರ ಮುಂದೆ ಅದೇ ನಗುವನ್ನು ಒಮ್ಮೆ ನಕ್ಕು ತೋರಿಸಲಿ ಎಂದೆ. ಆಕೆ ನನ್ನ ಗಂಡನ ಕಡೆ ತಿರುಗಿದರು, ಅವರು ಕೋಟಿನ ಮೂರನೇ ಗುಂಡಿ ಹಾಕಿಕೊಂಡರು.

ಅಂಗಿಯ ಒಂದು ತೋಳು ಬಾಕಿ ಇದೆ. ಅದನ್ನು ಹೊಲಿದು ಕೊಡುವುದಿಲ್ಲ.

ಮೇಲಿನದೆಲ್ಲ ನಿಜ. ಇದು ಮೊದಲೇ ಆಡಿ ಇಟ್ಟ ಮಾತಲ್ಲ. ಆಡಿದವಳು ಇಲ್ಲೇ, ನಿಮ್ಮೆದುರಿಗೇ ಇದ್ದೇನೆ.

ಸ್ಥಳ: ಠಾಣೆ
ದಿನಾಂಕ: ಇದೇ ಗುರುವಾರ
ಸಹಿ: ಟೈಲರಕ್ಕ