ಭಾವನ ಹೆಸರಿನ ಬಾಟಲಿ

ಲ್ಯಾಬಿನ ಬೆಂಚಿನ ಮೇಲೆ ನನ್ನ ಪಕ್ಕ ಬಸ್ ಡ್ರೈವರೊಬ್ಬ ರಿಪೋರ್ಟ್ ಹಿಡಿದು ಕೂತಿದ್ದ. ಅವನ ಹೆಂಡತಿಯ ತಮ್ಮ ಏದುಸಿರು ಬಿಡುತ್ತ ಬಂದ.

“ಏನ್ ಭಾವ, ಅರ್ಜೆಂಟಾಗಿ ಕರೆದ್ರಿ?”

“ವರ್ಷದ ಚೆಕಪ್‌ನಲ್ಲಿ ಸಕ್ಕರೆ ಬಂದಿದೆ. ಬಸ್ಸಿಂದ ಇಳಿಸಿ ಕೂರಿಸಿದ್ದಾರೆ.”

“ಅದಕ್ಕೇ ಹೆದರಿ ತಾನೆ ನೀವು ನನ್ನ ಮೂತ್ರ ತಗೊಂಡು ಹೋಗಿ ಕೊಟ್ಟಿದ್ದು?”

“ಅದೇ ಕಣೋ. ನಿನ್ನ ನಂಬಿ ಕೆಟ್ಟೆ.”

“ಲ್ಯಾಬಿನವರು ಅದಲು ಬದಲು ಮಾಡಿರ್ತಾರೆ. ನಾನು ಗುಂಡುಕಲ್ಲಿನ ಹಾಗಿದ್ದೀನಿ.”

“ಯಾವತ್ತಾದ್ರೂ ಪರೀಕ್ಷೆ ಮಾಡಿಸಿದ್ದೀಯ?”

“ಏನೂ ಇಲ್ದೆ ಯಾಕೆ ಮಾಡಿಸ್ಲಿ?”

“ಚೊಂಬುಗಟ್ಟಲೆ ನೀರು ಕುಡೀತಾನೆ, ರಾತ್ರಿಯೆಲ್ಲ ಎದ್ದೆದ್ದು ಹೋಗ್ತಾನೆ ಅಂತ ನಿನ್ನ ಹೆಂಡ್ತಿ ಇವತ್ತು ಹೇಳ್ತಾಳೆ. ಮೊದಲೇ ಹೇಳಿದ್ರೆ ಬೇರೆ ಯಾರನ್ನಾದ್ರೂ ಕೇಳ್ತಿದ್ದೆ.”

ಭಾವಮೈದ ಬೆಂಚಿನ ತುದಿಯಲ್ಲಿ ಕೂತ.

“ಅಕ್ಕಂಗೆ ಗೊತ್ತಾ?”

“ನನಗೇ ಸಕ್ಕರೆ ಅಂತ ಬೆಳಗ್ಗೆಯಿಂದ ಅಳ್ತಾ ಇದ್ದಾಳೆ. ನಿಂದು ಅಂತ ಹೇಳಿದ್ರೆ ಇನ್ನೂ ಜೋರಾಗಿ ಅಳ್ತಾಳೆ.”

ಮರುಪರೀಕ್ಷೆಗೆಂದು ನರ್ಸ್ ಡ್ರೈವರನಿಗೆ ಖಾಲಿ ಬಾಟಲಿ ಕೊಟ್ಟಳು. ಅವನು ಇನ್ನೊಂದು ಕೇಳಿ ಪಡೆದು ಭಾವಮೈದನ ಕೈಗಿಟ್ಟ.

“ನಡಿ. ಈ ಸಲ ನಿಂದು ನಿನ್ನ ಹೆಸರಲ್ಲೇ ಕೊಡು.”

“ನಿಮ್ದು?”

“ನಂದರಲ್ಲಿ ಏನಿದೆ ಅಂತ ಇನ್ನೂ ಯಾರಿಗೂ ಗೊತ್ತಿಲ್ವಲ್ಲೋ.”

ಇಬ್ಬರೂ ಎದ್ದು ಶೌಚಾಲಯದ ಕಡೆ ನಡೆದರು.