ಭದ್ರಕ್ಕನ ಕೋಣೆ ತಣಿಯುತ್ತಿಲ್ಲ

...ಏ.ಸಿ. ಮೆಷಿನ್ ಇರುವ ಕೋಣೆಯೊಳಗೆ ಬೆಂಕಿ ತರಬಾರದು. ಇಷ್ಟೇ ಕಣಯ್ಯ ಯೋಗಾನಂದ, ನಾನು ಹಾಕಿದ್ದ ನಿಯಮ. ಊದುಬತ್ತಿ ಕೂಡ ಬೇಡ ಅಂದಿದ್ದೆ. ಅದನ್ನು ಮುರಿಯದವರು ಈ ಮನೆಯಲ್ಲಿ ಒಬ್ಬರೂ ಇಲ್ಲ. ನನ್ನ ಹೆಂಡತಿ ಸುಮಿತ್ರ, ಸಂಜೆಯಾದರೆ ಸಾಂಬ್ರಾಣಿ ಹಾಕೋಕೆ ಕೆಂಡ ಹಿಡಿದು ಬರೋಳು. ನಮ್ಮಕ್ಕ ಭದ್ರಮ್ಮ, ಯಾರಿಗೋಸ್ಕರ ಈ ಮೆಷಿನ್ ತಂದೆನೋ ಅವಳೇ, ದಿಂಬಿನ ಪಕ್ಕ ದೀಪ ಹಚ್ಚಿಕೊಂಡು ಲಿಂಗಪೂಜೆ ಮಾಡೋಳು. ಗದರಿದರೆ, "ಹೋಗೋ, ನಿನ್ನ ಪೆಟ್ಟಿಗೆಗಿಂತ ಶಿವ ದೊಡ್ಡೋನು" ಅನ್ನೋಳು... ನಗು, ನಗು. ಅವಳ ಮಾತೇ ಹಾಗೆ.

ಸ್ಟೂಲು ಗಟ್ಟಿ ಇದೆ, ಹತ್ತು.

ನೀನು ಕೇಳೋದಕ್ಕೆ ಮೊದಲು ನಾನೇ ಹೇಳ್ತೇನೆ. ಸ್ಟೆಬಿಲೈಸರ್ ಸರಿಯಿದೆ. ಫ್ಯಾನ್ ತಿರುಗುತ್ತೆ. ಕಂಪ್ರೆಸರ್ ಸದ್ದು ಬರುತ್ತೆ, ಹಿಂದುಗಡೆ ನೀರೂ ತೊಟ್ಟಿಕ್ಕುತ್ತೆ. ಆದರೆ ಗಾಳಿ ಮಾತ್ರ... ಕಾಯಿಲೆಯವರು ಉಸಿರು ಬಿಟ್ಟ ಹಾಗೆ ಬರುತ್ತೆ. ಬಾಗಿಲ ಹತ್ತಿರ ಸ್ವಲ್ಪ ತಂಪು. ಮಂಚದ ಕಾಲ ಕಡೆ ಬಂದರೆ ಬಿಸಿ. ಇಳಿದು ಬಾ, ಇಲ್ಲಿ ನಿಂತು ನೋಡು. ಗೊತ್ತಾಗ್ತಿಲ್ವಾ? ಇಲ್ಲ ಅಂತೀಯ. ಸರಿ, ನನಗೆ ಗೊತ್ತಾಗುತ್ತೆ.

ಹಾಗೆ ನೋಡಬೇಡ. ದೆವ್ವ ಗಿವ್ವ ನಂಬುವವನಲ್ಲ ನಾನು. ಅಕ್ಕ ಹೋದ ಮೇಲೂ ಸಂಜೆ ಬಂದು ಮೆಷಿನ್ ಹಾಕಿ ಈ ಕುರ್ಚಿಯಲ್ಲಿ ಕೂರ್ತೇನೆ, ಅಷ್ಟೇ. ಮೆಷಿನ್ ಸದ್ದಿನ ಕೆಳಗೆ ಇನ್ನೊಂದು ಸದ್ದು ಇರುತ್ತೆ. ಹಲ್ಲು ಹಲ್ಲು ಕಟಕಟ ಬಡಿದ ಹಾಗೆ. ಮೆಷಿನ್ ಆರಿಸಿದ ಮೇಲೂ ಸ್ವಲ್ಪ ಹೊತ್ತು... ಬೇರಿಂಗ್ ಇರಬೇಕು, ಅಲ್ವಾ? ಬೇರಿಂಗೇ.

ಸಕಲೇಶಪುರದ ಚಳಿಯೊಳಗೆ ಏ.ಸಿ. ಯಾಕೆ ಅಂತ ನಿನಗೂ ಅನ್ನಿಸಿರುತ್ತೆ. ಊರೆಲ್ಲ ನಕ್ಕಿತ್ತು. "ಶಾಂತಮಲ್ಲಪ್ಪ ಕಾಫಿ ಒಣಗಿಸೋಕೆ ಬಿಸಿಲು ಸಾಲದು ಅಂತಾನೆ, ಮನೆಯೊಳಗೆ ಚಳಿ ಸಾಲದು ಅಂತಾನೆ" ಅಂತ ಆನೇಮಹಲಿನ ಹೋಟೆಲಲ್ಲಿ ಮಾತು. ಅವರಿಗೇನು ಗೊತ್ತು. ಅಕ್ಕನಿಗೆ ಸಕ್ಕರೆ ಕಾಯಿಲೆ, ಅಂಗಾಲು ಉರಿ. ಕಾಫಿ ಹೂವಿಗೆ ಬರೋ ಹೂಮಳೆ ಕೈ ಕೊಟ್ಟ ಬೇಸಿಗೆ ಬೇರೆ. ಕಾಲಿಗೆ ಒದ್ದೆ ಬಟ್ಟೆ ಸುತ್ತಿಕೊಂಡು ಮಗುವಿನ ಹಾಗೆ ಅಳೋಳು. ನನ್ನನ್ನು ಎತ್ತಿ ಆಡಿಸಿದವಳು ಕಣಯ್ಯ ಅವಳು. ಅದಕ್ಕೇ ಈ ಮೆಷಿನ್ ತಂದೆ. ತಂದ ಮೇಲೆ ಅರ್ಧಂಬರ್ಧ ಮಾಡೋನಲ್ಲ ನಾನು. ಹೆಂಚಿನ ಸಂದಿಯಲ್ಲಿ ತಂಪು ಹೋಗುತ್ತೆ ಅಂತ ಮೇಲೆ ಥರ್ಮೋಕೋಲ್ ಹೊಡೆಸಿದೆ. ಕಿಟಕಿಗೆ ಟೇಪು, ಬಾಗಿಲ ಕೆಳಗೆ ಗೋಣಿಪಟ್ಟಿ. ನಮ್ಮ ಹಿರಿಯರು ಇದೇ ಕೋಣೆಯಲ್ಲಿ ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗ್ತಿದ್ದರು, ಯಾರಿಗೂ ಏನೂ ಆಗಲಿಲ್ಲ. ಹೆಂಚು ಉಸಿರಾಡ್ತಿತ್ತು ಆಗ. ಅದನ್ನು ನಿಲ್ಲಿಸಿದ್ದು ನಾನು. ತಂಪಿಗೋಸ್ಕರ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಅಕ್ಕನಿಗೆ ಉಸಿರಿಲ್ಲ. ಮೆಷಿನ್ ಓಡ್ತಾ ಇದೆ. ಮಂಚದ ಕೆಳಗೆ ಅಗ್ಗಿಷ್ಟಿಕೆ. ಕೆಂಡದ ಗಾಳಿಗೆ ಉಸಿರು ಕಟ್ಟಿರಬೇಕು ಅಂದರು ಡಾಕ್ಟರು. ಇರಬೇಕು ಅಂದರು. ಹೌದು ಅನ್ನಲಿಲ್ಲ, ಅದನ್ನು ಗಮನಿಸು.

ಹೊರಗೆ ಅಂಗಳದಲ್ಲಿ ತಲೆ ತಗ್ಗಿಸಿ ಕೂತಿದ್ದಾಳಲ್ಲ, ಬರುವಾಗ ನೋಡಿದೆಯಾ? ಗಂಗಾಮಣಿ. ನಮ್ಮ ತೋಟದ ಕೂಲಿ ಲೈನಿನವಳು, ಅಕ್ಕನನ್ನು ನೋಡಿಕೊಳ್ತಿದ್ದವಳು. ಜಗಲಿಯಲ್ಲಿ ಕೂತಿರೋನು ಅಕ್ಕನ ಮೈದುನ ನಂಜುಂಡಯ್ಯ. ಅಕ್ಕನ ಶಿವಗಣಾರಾಧನೆ ಮುಗಿಯುವವರೆಗೆ ಬಾಯಿ ಬಿಡಲಿಲ್ಲ. ಇವತ್ತು ಜೀಪ್ ತಂದಿದ್ದಾನೆ. ಕೆಂಡ ಇಟ್ಟವಳು ಇವಳೇ, ಸ್ಟೇಷನ್ನಿಗೆ ಒಪ್ಪಿಸ್ತೇನೆ ಅಂತಾನೆ. ಅವಳು, "ನಾ ಇಕ್ಕಿಲ್ಲ ಅಯ್ಯಾ, ಆ ರೂಮ್ನಾಗೆ ಬೆಂಕಿ ಕೂಡ್ದು ಅಂತ ನಂಗೆ ಗೊತ್ತೈತೆ" ಅಂತ ಒಂದೇ ಮಾತು. ಯಾರು ನಂಬ್ತಾರೆ ಅವಳನ್ನ.

ಅದಕ್ಕೇ ನಿನ್ನನ್ನು ಕರೆಸಿದ್ದು. ಹಾಸನದಿಂದ ಮೆಕ್ಯಾನಿಕ್ ಬರಲಿ, ಮೆಷಿನ್ನಿಂದ ಆಯಿತಾ ಕೆಂಡದಿಂದ ಆಯಿತಾ ಅವನೇ ಹೇಳಲಿ ಅಂದೆ. ನಂಜುಂಡಯ್ಯನೂ ಒಪ್ಪಿದ. ನೀನು ಹೊರಗೆ ಹೋಗಿ ಒಂದು ಮಾತು ಹೇಳಿದರೆ ಸಾಕು. ಗ್ಯಾಸ್ ಲೀಕ್ ಆಗಿದೆ, ಅದಕ್ಕೇ ಮೆಷಿನ್ ತಂಪು ಕೊಡ್ತಿಲ್ಲ, ಆ ಗ್ಯಾಸೇ ಅವರ ಪ್ರಾಣ ತೆಗೆದಿದ್ದು ಅಂತ. ಮೆಷಿನ್ನನ್ನು ಯಾರೂ ಜೈಲಿಗೆ ಹಾಕಲ್ಲ. ಆ ಹೆಂಗಸು ಮನೆಗೆ ಹೋಗ್ತಾಳೆ. ಸುಳ್ಳು ಅಂತ ನನಗೂ ಗೊತ್ತು. ನನ್ನ ಜೀವನದಲ್ಲಿ ಯಾರ ಹತ್ತಿರವೂ ಸುಳ್ಳು ಹೇಳು ಅಂತ ಕೇಳಿದವನಲ್ಲ ನಾನು. ಇವತ್ತು ಕೇಳ್ತಿದ್ದೇನೆ. ಅವಳಿಗೋಸ್ಕರ.

ಏನದು ಕೈಯಲ್ಲಿ... ಫಿಲ್ಟರಾ? ಇಷ್ಟು ಬೂದಿಯಾ. ಜಾಲರಿಯೇ ಕಾಣಿಸ್ತಿಲ್ಲವಲ್ಲ. ಗಾಳಿ ಎಳೆಯೋಕೆ ಆಗದೆ ತಣಿಯುತ್ತಿರಲಿಲ್ಲವೋ. ಕಿಟಕಿ ಕಡೆ ಒದರಬೇಡ, ಜಗಲಿಗೆ ಕಾಣುತ್ತೆ. ಬಚ್ಚಲಲ್ಲಿ ನೀರಿದೆ.

ತೊಳೆದೆಯಾ. ಏನು ಲೆಕ್ಕ ಹಾಕ್ತಿದ್ದೀಯ, ಒಂದು ರಾತ್ರಿಯ ಕೆಂಡಕ್ಕೆ ಇಷ್ಟು ಬೂದಿ ಹೇಗೆ ಅಂತಾನಾ? ಒಂದು ರಾತ್ರಿ ಅಂತ ಯಾರು ಹೇಳಿದರು. ಹಗಲೆಲ್ಲ ಉರಿ ಉರಿ ಅನ್ನೋಳು, ಬೆಳಗಿನ ಜಾವಕ್ಕೆ ನಡುಕ ಶುರು. "ಆರಿಸ್ಬುಡೋ ತಮ್ಮಾ, ಚಳಿ ಆಗ್ತೈತೆ" ಅಂತ. ಆರಿಸೋದು ಹೇಗೆ? ಇಷ್ಟೆಲ್ಲ ಮಾಡಿ, ಊರಿನ ಕೈಲಿ ನಗಿಸಿಕೊಂಡು, ನಾಬ್ ಯಾರೂ ಮುಟ್ಟಬಾರದು ಅಂತ ಹೇಳಿದ ಮೇಲೆ... ಆರಿಸಿದರೆ ತಂದದ್ದೇ ತಪ್ಪು ಅಂತಾಗ್ತಿತ್ತು. ಅದಕ್ಕೆ ಹಂಡೆ ಒಲೆಯಿಂದ ನಾಲ್ಕು ಕೆಂಡ, ಹೊಗೆ ಬರದ ಹಾಗೆ ಮೇಲೆ ಬೂದಿ ಮುಚ್ಚಿ, ಮಂಚದ ಕೆಳಗೆ, ಕಾಲ ಕಡೆ. "ಹಾ, ಈಗ ಹಿತ ಕಣೋ" ಅನ್ನೋಳು. ಗಂಗಾಮಣಿಗೆ ಎಚ್ಚರವೇ ಇಲ್ಲ, ಬಾಗಿಲಲ್ಲಿ ಗೊರಕೆ. ಅವಳನ್ನು ದಾಟಿಕೊಂಡೇ ಒಳಗೆ...

ಯಾಕೆ ನಿಲ್ಲಿಸಿದೆ? ಸ್ಕ್ರೂ ತಿರುಗಿಸು.

ಸುಮಿತ್ರ ಹೇಳಿದ್ದು ಇದು. ನಾನು ಆ ಕಡೆ ಕೋಣೆಯಲ್ಲಿ ಮಲಗಿದ್ದೆ... ಸುಮಿತ್ರ ಕೂಡ ಅಲ್ಲೇ ಮಲಗಿದ್ದಳು, ಹೌದು. ಯೋಗಾನಂದ, ಏನಾದರೂ ಮಾತಾಡು ಮಾರಾಯ. ದಾಟಿಕೊಂಡು ಹೋಗಿದ್ದು ಯಾರು ಅಂತ ಕೇಳು. ಬೇಕಾದರೆ ಬೈ. ಇಷ್ಟು ಹೊತ್ತಿನಿಂದ ಆ ಸ್ಕ್ರೂಡ್ರೈವರ್ ಹಿಡಿದು ನನ್ನ ಮುಖ ನೋಡ್ತಾ ನಿಂತರೆ ನಾನೇನು ಹೇಳಲಿ.

ಸ್ವಿಚ್ ಹಾಕಿದೆಯಾ ನೀನು. ಯಾಕೆ ಹಾಕಿದೆ...

ಬಂತು. ಮೊದಲ ದಿನ ಬಂದ ಹಾಗೇ ಬರ್ತಿದೆ ಗಾಳಿ. ಕಾಲ ಕಡೆಯೂ ತಣ್ಣಗೆ. ಕಟಕಟ ಸದ್ದು ಮಾತ್ರ ನಿಂತಿಲ್ಲ. ನಿನಗೆ ಕೇಳಿಸ್ತಿಲ್ಲ, ನೀನು ತಲೆ ಆಡಿಸೋದೇ ಬೇಡ, ನನಗೆ ಗೊತ್ತು. ಕೆಟ್ಟಿದೆ ಅಂತ ಹೇಳು ಅಂದರೆ ಸರಿ ಮಾಡಿಬಿಟ್ಟೆಯಲ್ಲಯ್ಯ. ಇನ್ನು ಇದರ ಮೇಲೆ ಏನಂತ ದೂರು ಹೊರಿಸಲಿ?

ಕೇಳಿಸಿತಾ, ನಂಜುಂಡಯ್ಯ ಕೂಗ್ತಿದ್ದಾನೆ. "ಏನಂತೆ, ಮೆಷಿನ್ನೋ ಅವಳೋ" ಅಂತ. ಜೀಪೂ ಸ್ಟಾರ್ಟ್ ಮಾಡಿಸಿದ. ಹೇಳು. ಇಲ್ಲಿಂದಲೇ ಹೇಳಿಬಿಡು, ಗ್ಯಾಸ್ ಅಂತ, ಒಂದೇ ಮಾತು. ಬ್ಯಾಗ್ ಯಾಕೆ ಕೆಳಗಿಡ್ತೀಯ? ಹೋಗಲ್ವಾ ನೀನು? ಮತ್ತೆ ಬಾಗಿಲು ಯಾಕೆ ತೆಗೆದೆ...

ಪೂರ್ತಿ ತೆಗೆದು, ಗೋಡೆಗೆ ಬೆನ್ನು ಹಚ್ಚಿ, ನಾನು ಮುಂದೆ ಹೋಗಲಿ ಅಂತ ದಾರಿ ಬಿಟ್ಟು ನಿಂತಿದ್ದೀಯ.