ಗೋವಾದ ಚೌಕದಲ್ಲಿ ಗುಡಗೇರಿ

ಎಪ್ಪತ್ತೆಂಟರ ನವೆಂಬರ್ ಇರಬೇಕು. ಗುಡಗೇರಿ ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಗಾಡಿಗೆ ಕಾಯುತ್ತಿದ್ದೆ. ನನ್ನ ಬೆಂಚಿನ ಮೇಲೇ ರೈತ ಈರಬಸಪ್ಪ, ಅವನ ಬಾಜು ಪುಣೆಯಲ್ಲಿ ಹವಾಮಾನದ ನೌಕರಿ ಮಾಡುವ ನಮ್ಮೂರ ಪ್ರಭಂಜನ. ನಾನು ಕದ್ದು ಕೇಳಲಿಲ್ಲ. ಈರಬಸಪ್ಪನ ದನಿ ಕುಂದಗೋಳಕ್ಕೂ ಕೇಳುವಂಥದ್ದು.

“ಕಣದಾಗ ಮೆಣಸಿನಕಾಯಿ ಹರವಿ ಬಂದೇನ್ರಿ ರಾಯರ. ರೇಡಿಯೋ ತುಫಾನ ಐತಿ ಅಂತು. ನಿಮ್ಮ ಯಂತ್ರ ಏನಂತೈತಿ?”

“ಕಂಪ್ಯೂಟರಿನಾಗ ನಾವ ಒಂದು ತುಫಾನು ಹುಟ್ಟಸ್ತೀವ್ರಿ ಕಾಕಾ. ಗಾಳಿಯೊಳಗ ಹಸಿ ಎಷ್ಟದ, ಅದರಿಂದ ಮಳಿ ಎಷ್ಟಾಗ್ತದ ಅಂತ ನೋಡ್ತೀವಿ.”

“ಗಾಳಿಯಾಗ ಬೆರಳ ಊರಿ ಹಸಿ ನೋಡ್ತೀರೇನ್ರಿ?”

“ಅದು ಹೊಲದ ಹಸಿ ಅಲ್ರಿ. ನಕಾಶೆದಾಗ ಭೂಮಿನೆಲ್ಲಾ ಚೌಕ ಚೌಕ ಮಾಡೀವಿ. ಒಂದ ಚೌಕಕ್ಕ ಒಂದ ಮಳಿ.”

“ಗುಡಗೇರಿ ಯಾವ ಚೌಕದಾಗ ಐತಿ?”

“ಗೋವಾದ ಚೌಕದಾಗ.”

“ಗೋವಾದಾಗ ಮಳಿ ಆದ್ರ ನನ್ನ ಕಾಯಿ ತೊಯ್ತಾವೇನು?”

“ಯಂತ್ರದಾಗ ತೊಯ್ತಾವ್ರಿ.”



“ಅದಿರ್ಲಿ, ಇವತ್ತಿಂದು ಹೇಳ್ರಿ.”

“ಇವತ್ತಿಂದು ಎಲ್ಲಿ ಕಾಕಾ, ಇನ್ನೂ ಹೋದ ವರ್ಷದ ತುಫಾನಿನ ಲೆಕ್ಕನ ಮುಗದಿಲ್ಲ.”

“ಹೋದ ವರ್ಷ ನಂದು ಕಣಾನ ತೊಯ್ದ ಹೋಗೈತಿ. ನನ್ನ ಕೇಳಿದ್ರ ನಾನ ಹೇಳ್ತಿದ್ದೆ.”

ಅವನು ಎದ್ದು, ಮೂಡಣಕ್ಕೆ ಮುಖ ಮಾಡಿ ಗಾಳಿ ಮೂಸಿ ನೋಡಿದ.

“ಸಂಜಿಯೊಳಗ ಬರತೈತಿ. ಹುಬ್ಬಳ್ಳಿಗೆ ನಾಳಿ ಹೋದ್ರಾತು. ಕಾಯಿ ಗುಂಪಿ ಹಾಕಾಕ ಹೊಂಟೆ.”

ಅಷ್ಟರಲ್ಲಿ ಗಾಡಿ ಬಂತು. ಪ್ರಭಂಜನ ಡಬ್ಬಿ ಹತ್ತಿ, ಬಾಗಿಲಲ್ಲೇ ನಿಂತು ಕೂಗಿದ:

“ಕಾಕಾ, ನಮ್ಮ ಮನಿಗೆ ಹಾಯ್ದ ಹೋಗ್ರಿ. ಅವ್ವ ಮಾಳಗಿ ಮ್ಯಾಲೆ ಹಪ್ಪಳ ಹಾಕ್ಯಾಳ, ಲಗೂನ ತಗೀಲಿಕ್ಕೆ ಹೇಳ್ರಿ.”